ಸ್ಪಿನ್‌ಸ್ಟರ್ ಎಂಬ ಮಾತು

ಇಂಗ್ಲಿಷ್ ಭಾಷೆಯಲ್ಲಿ ಸ್ಪಿನ್‌ಸ್ಟರ್ ಎಂಬೊಂದು ಪದವುಂಟು. ನಿತ್ಯದ ಮಾತುಕತೆಯಲ್ಲಿ ಅದೀಗ ಅಪರೂಪ. ಮದುವೆಯಾಗದೆ ಪ್ರಾಯ ಕಳೆದ ಹೆಂಗಸೆಂದು ಅದಕ್ಕೆ ಅರ್ಥ ಹೇಳಿ, ಹೇಳುವಾಗಲೇ ತುಸು ನಕ್ಕುಬಿಡುವುದು ವಾಡಿಕೆ. ಆ ನಗೆಗೆ ಆಧಾರವೇನೆಂದು ವಿಚಾರಿಸುವುದು ವಿದ್ಯಾವತಿಯರಾದ ಸೋದರಿಯರಿಗೂ ಅವರ ತಾಯಿತಂದೆಗಳಿಗೂ ಉಚಿತವಾಗಿದೆ.

ಮೊದಲಿಗೆ ಈ ಪದಕ್ಕೂ ಮದುವೆಗೂ ಸಂಬಂಧವೇ ಇರಲಿಲ್ಲ. ಸ್ಪಿನ್ ಎಂದರೆ ನೂಲುವುದು; ಸ್ಟರ್ ಎಂಬುದು ಕಸುಬಿನ ಹೆಂಗಸನ್ನು ಸೂಚಿಸುತ್ತಿದ್ದ ಹಳೆಯ ಪ್ರತ್ಯಯ. ನೇಯುವವಳು ವೆಬ್‌ಸ್ಟರ್, ರೊಟ್ಟಿ ಸುಡುವವಳು ಬ್ಯಾಕ್ಸ್‌ಟರ್; ಇವೆರಡೂ ಇಂದು ಮನೆತನದ ಹೆಸರುಗಳಾಗಿ ಉಳಿದಿವೆ. 14ನೆಯ ಶತಮಾನದಲ್ಲಿ ಸ್ಪಿನ್‌ಸ್ಟರ್ ಎಂದರೆ ನೂಲುವವಳು, ಅಷ್ಟೇ. 17ನೆಯ ಶತಮಾನದಲ್ಲಿ ಅದು ಅವಿವಾಹಿತೆಯನ್ನು ಸೂಚಿಸುವ ಕಾನೂನಿನ ಮಾತಾಯಿತು. 18ನೆಯ ಶತಮಾನದಲ್ಲಿ ಅದಕ್ಕೆ ಹೀಯಾಳಿಕೆಯೂ ಅಂಟಿಕೊಂಡಿತು. ಗಂಡಸಿಗೆ ಹೇಳುವ ಬ್ಯಾಚಲರ್ ಎಂಬ ಮಾತಿಗೆ ಇಂಥ ಕಳಂಕ ತಗಲಲಿಲ್ಲ. ದುಡಿಮೆಯ ಹೆಸರು ಹೆಣ್ಣಿನ ಪಾಲಿಗೆ ಮಾತ್ರ ಕೊರತೆಯ ಹೆಸರಾದುದು ಹೀಗೆ.

ನಮಗೂ ಈ ಪದಕ್ಕೂ ನಂಟಿಲ್ಲದೆ ಇಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಗೆ ಸೇರಿಸಿದ ನಮೂನೆಯಲ್ಲಿ ಮದುಮಗಳ ಸ್ಥಿತಿಯನ್ನು ಈ ಮಾತಿನಿಂದಲೇ ತಿಳಿಸಿದೆ. ಅಲ್ಲಿ ನಿಂದೆಯ ಲೇಶವೂ ಇಲ್ಲ. ಇಪ್ಪತ್ತರ ಕನ್ಯೆಗೂ ಐವತ್ತರ ಅವಿವಾಹಿತೆಗೂ ಸಲ್ಲುವುದು ಅದೇ ಪದ. ಇಂಗ್ಲೆಂಡಿನಲ್ಲಾದರೋ 2005ರಲ್ಲಿ ವಿವಾಹದ ದಾಖಲೆಯಿಂದ ಸ್ಪಿನ್‌ಸ್ಟರ್, ಬ್ಯಾಚಲರ್ ಎರಡನ್ನೂ ತೆಗೆದು, ಇಬ್ಬರಿಗೂ ಒಪ್ಪುವ ಸಿಂಗಲ್ ಎಂಬ ಮಾತನ್ನಿಟ್ಟರು.

ಇದು ಒಳ್ಳೆಯದೇ. ಆದರೆ ಕಾಗದದಿಂದ ಅಳಿಸಿದ ಮಾತ್ರಕ್ಕೆ ತಿರಸ್ಕಾರವು ಮನಸ್ಸಿನಿಂದ ಅಳಿಯಲಾರದು. ನಮ್ಮ ಅವಿವಾಹಿತೆ ಎಂಬ ಪದದಲ್ಲಿ ಯಾವ ಕುತ್ಸೆಯೂ ಇಲ್ಲ; ಆದರೂ “ಇನ್ನೂ ಆಗಲಿಲ್ಲವೇ?” ಎಂಬ ನೆರೆಹೊರೆಯವರ ಒಂದು ಪ್ರಶ್ನೆಯಲ್ಲಿ ಇಂಗ್ಲಿಷ್ ಪದದ ವಿಷವೆಲ್ಲ ಅಡಗಿರಬಲ್ಲುದು. ಕೇಳುವವರಿಗೆ ಅದು ಕುಶಲಪ್ರಶ್ನೆ, ಕೇಳಿಸಿಕೊಳ್ಳುವವಳಿಗೆ ತೀರ್ಪು. ಈ ನಾಡಿನಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ಕಟ್ಟಿ ನಡೆಸಿದವರಲ್ಲಿ ಅವಿವಾಹಿತೆಯರಾದ ಉಪಾಧ್ಯಾಯಿನಿಯರು ಅನೇಕರು. ಅವರಿಂದ ಅಕ್ಷರ ಕಲಿತವರು ಅದೇ ಸ್ಥಿತಿಯ ಇನ್ನೊಬ್ಬಳನ್ನು ಕಂಡು ಮರುಗುವುದಾಗಲಿ ನಗುವುದಾಗಲಿ ತರವೇ?

ಮದುವೆ ಗೌರವದ್ದು, ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಹೆಣ್ಣಿನ ಬೆಲೆಯನ್ನು ಅದೊಂದರಿಂದಲೇ ಅಳೆಯಬಾರದೆಂಬುದಿಷ್ಟೇ ನಮ್ಮ ಬಿನ್ನಹ. ತಾಯಂದಿರು ಮನೆಗೆ ಬಂದ ಮಗಳ ಗೆಳತಿಯನ್ನು ಮೊದಲು, “ಏನು ಕೆಲಸ ಮಾಡುತ್ತಿದ್ದೀಯಮ್ಮಾ?” ಎಂದು ಕೇಳಲಿ. ನೂಲುವವಳೆಂದು ಹುಟ್ಟಿದ ಆ ಹಳೆಯ ಪದವು ಹೇಳುತ್ತಿದ್ದುದೂ ಅದನ್ನೇ ಅಲ್ಲವೇ?