ಅಕ್ಷರ ಓದಿಸುವವರ ಧರ್ಮ

ಹೊಸ ಔಷಧವೊಂದು ಅಂಗಡಿಗೆ ಬರುವ ಮುನ್ನ ಅದನ್ನು ಮನುಷ್ಯರಲ್ಲಿಯೇ ಪರೀಕ್ಷಿಸಿ ನೋಡುವುದು ಅನಿವಾರ್ಯ. ಮನುಷ್ಯನ ಕಣ್ಣಿನ ಕುರಿತಾದ ಕೊನೆಯ ಮಾತನ್ನು ಮನುಷ್ಯನ ಕಣ್ಣೇ ಹೇಳಬೇಕು. ಮಧುಮೇಹದಿಂದ ಅಕ್ಷಿಪಟ ಕೆಟ್ಟವರು, ವಯಸ್ಸಾದಂತೆ ದೃಷ್ಟಿಯ ನಡುಭಾಗ ಮಸುಕಾದವರು, ಗ್ಲಾಕೋಮಾ ಪೀಡಿತರು ನಮ್ಮ ಕುಟುಂಬಗಳಲ್ಲಿಯೂ ಇದ್ದಾರೆ. ಇಂಥವರಲ್ಲಿ ಕೆಲವರಿಗೆ ದೊಡ್ಡ ಆಸ್ಪತ್ರೆಗಳಿಂದ ಅಧ್ಯಯನವೊಂದರಲ್ಲಿ ಸೇರುವ ಕರೆ ಬರುವುದುಂಟು. ಇದರಲ್ಲಿ ವೈದ್ಯರ ಹೊಣೆಯೇನು, ಔಷಧ ಕಂಪೆನಿಗಳ ಹೊಣೆಯೇನು ಎಂಬ ಚರ್ಚೆ ಸಾಕಷ್ಟು ನಡೆಯುತ್ತದೆ. ಆದರೆ ಪರೀಕ್ಷೆಯ ದಿನ ರೋಗಿಯೊಡನೆ ಬಹಳ ಹೊತ್ತು ಕಳೆಯುವ ತಂತ್ರಜ್ಞರ ಕುರಿತು ಮಾತನಾಡುವವರು ವಿರಳ. ಪ್ರಯೋಗದ ಸತ್ಯವೂ ರೋಗಿಯ ಘನತೆಯೂ ಬಹುಪಾಲು ಇವರ ಕೈಯಲ್ಲಿವೆ ಎಂಬುದು ನಮ್ಮ ಅಭಿಪ್ರಾಯ.

ಇವರ ಕೆಲಸ ಹೊರನೋಟಕ್ಕೆ ಸಾಮಾನ್ಯವಾದುದು. ಕಳೆದ ಭೇಟಿಯ ನಂತರ ಜ್ವರ ಬಂದಿತ್ತೇ, ಬಿದ್ದಿದ್ದುಂಟೇ, ಬೇರೆ ವೈದ್ಯರು ಹೊಸ ಮಾತ್ರೆ ಕೊಟ್ಟಿದ್ದಾರೆಯೇ ಎಂದು ವಿಚಾರಿಸಬೇಕು. ಅನಂತರ ದೃಷ್ಟಿಯನ್ನು ಅಳೆಯಬೇಕು. ಕಣ್ಣಿನ ಪಾಪೆ ಹಿಗ್ಗಿಸುವ ತೊಟ್ಟು ಹಾಕುವುದು ಆಮೇಲೆ. ಮೊದಲೇ ಹಾಕಿದರೆ ದೃಷ್ಟಿ ಮಂಜಾಗಿ ಅಳತೆಯೇ ಕೆಡುತ್ತದೆ. ಬಳಿಕ ಅಕ್ಷಿಪಟದ ಚಿತ್ರ ತೆಗೆಯಬೇಕು. ಕೆಲವೊಮ್ಮೆ ತೋಳಿನ ನರದ ಮೂಲಕ ಬಣ್ಣದ ದ್ರವವನ್ನು ಚುಚ್ಚಿ ರಕ್ತನಾಳಗಳ ಚಿತ್ರ ತೆಗೆಯುವುದೂ ಉಂಟು. ಆಗ ಚರ್ಮ ಸ್ವಲ್ಪ ಹೊತ್ತು ಹಳದಿಯಾಗುತ್ತದೆ, ಮೂತ್ರದ ಬಣ್ಣ ಗಾಢವಾಗುತ್ತದೆ. ಇದನ್ನು ಮುಂಚಿತವಾಗಿ ತಿಳಿಸದಿದ್ದರೆ ಮನೆಗೆ ಮರಳಿದ ವೃದ್ಧರು ಗಾಬರಿಯಾಗುವುದು ಸಹಜ.

ಇವುಗಳಲ್ಲಿ ದೃಷ್ಟಿ ಅಳೆಯುವ ಕೆಲಸ ಅತ್ಯಂತ ಸೂಕ್ಷ್ಮವಾದುದು. ಅಮೆರಿಕದಲ್ಲಿ 1979ರಲ್ಲಿ ಆರಂಭವಾಗಿ 3,711 ಮಧುಮೇಹಿಗಳನ್ನು ಸೇರಿಸಿಕೊಂಡ ಅಧ್ಯಯನವೊಂದಕ್ಕಾಗಿ ರೂಪಿಸಿದ ಅಕ್ಷರ ಫಲಕವೇ ಇಂದು ಜಗತ್ತಿನಾದ್ಯಂತ ಇಂಥ ಪ್ರಯೋಗಗಳಿಗೆ ಆಧಾರವಾಗಿದೆ. ಸಾಲಿಗೆ 5 ಅಕ್ಷರಗಳಂತೆ 14 ಸಾಲುಗಳು. 4 ಮೀಟರ್ ದೂರದಿಂದ ಓದಬೇಕು. ಒಂದು ಕಣ್ಣನ್ನು ಪೂರ್ತಿ ಮುಚ್ಚಬೇಕು. ಮುಂದಕ್ಕೆ ಬಾಗುವಂತಿಲ್ಲ, ಕಣ್ಣು ಕಿರಿದು ಮಾಡುವಂತಿಲ್ಲ. ಕಂಠಪಾಠಕ್ಕೆ ಎಡೆಯಾಗದಂತೆ ಎರಡು ಕಣ್ಣುಗಳಿಗೆ ಬೇರೆ ಬೇರೆ ಫಲಕಗಳಿರುತ್ತವೆ. ಸ್ಪಷ್ಟವಾಗಿ ಕಾಣದಿದ್ದರೂ ಊಹಿಸಿ ಹೇಳಲು ರೋಗಿಗೆ ಪ್ರೋತ್ಸಾಹ ನೀಡಬೇಕು. ಆದರೆ ಹೇಳಿದ್ದು ಸರಿಯೋ ತಪ್ಪೋ ಎಂಬುದನ್ನು ಮಾತಿನಿಂದಾಗಲಿ, ಮುಖಭಾವದಿಂದಾಗಲಿ ತೋರಿಸಕೂಡದು.

ಇಲ್ಲಿಯೇ ಕರುಣೆಗೂ ಸತ್ಯಕ್ಕೂ ತಿಕ್ಕಾಟ ಹುಟ್ಟುತ್ತದೆ. ವೃದ್ಧೆಯೊಬ್ಬರು ಕಷ್ಟಪಟ್ಟು ಒಂದು ಸಾಲು ಓದಿ, "ಸರಿ ಓದಿದೆನಾ ಮಗಳೇ?" ಎಂದು ಕೇಳಿದಾಗ ಮೌನವಾಗಿರುವುದು ಕಠಿಣ. ತಲೆಯಾಡಿಸಿ ಬಿಡೋಣ, ಒಂದಕ್ಷರ ಸುಳಿವು ಕೊಡೋಣ ಎಂದು ಮನಸ್ಸು ಕರಗುತ್ತದೆ. ಆದರೆ ಆ ಒಂದಕ್ಷರದ ಬೆಲೆಯನ್ನು ಗಮನಿಸಿರಿ. 2006ರಲ್ಲಿ ಪ್ರಕಟವಾದ 'ಮರೀನಾ' ಎಂಬ ಅಧ್ಯಯನದಲ್ಲಿ, ವಯೋಸಹಜ ಅಕ್ಷಿಪಟ ರೋಗದ 716 ಮಂದಿಯಲ್ಲಿ ರಾನಿಬಿಜುಮ್ಯಾಬ್ ಎಂಬ ಚುಚ್ಚುಮದ್ದನ್ನು ಪರೀಕ್ಷಿಸಲಾಯಿತು. ಒಂದು ವರ್ಷದ ಬಳಿಕ, 15ಕ್ಕಿಂತ ಕಡಿಮೆ ಅಕ್ಷರಗಳನ್ನು ಕಳೆದುಕೊಂಡವರು ಮದ್ದು ಪಡೆದವರಲ್ಲಿ ಶೇಕಡಾ 95ರಷ್ಟು, ಪಡೆಯದವರಲ್ಲಿ ಶೇಕಡಾ 62ರಷ್ಟು. 15 ಅಕ್ಷರಗಳೆಂದರೆ ಕೇವಲ ಮೂರು ಸಾಲು. ಮದ್ದು ಕೆಲಸ ಮಾಡಿತೋ ಇಲ್ಲವೋ ಎಂಬ ತೀರ್ಮಾನ ಈ ಮೂರು ಸಾಲುಗಳ ಮೇಲೆ ನಿಂತಿತ್ತು. ಎದುರಿಗಿರುವ ಒಬ್ಬರಿಗೆ ತೋರಿದ ಹುಸಿ ಕರುಣೆ, ಎದುರಿಗಿಲ್ಲದ ಸಾವಿರಾರು ಮಂದಿಗೆ ಮಾಡಿದ ಅನ್ಯಾಯವಾಗಬಲ್ಲದು.

ಹಾಗಾದರೆ ತಂತ್ರಜ್ಞರು ಕಲ್ಲಾಗಬೇಕೇ? ಖಂಡಿತ ಇಲ್ಲ. "ಅಜ್ಜಿ, ಸರಿಯೋ ತಪ್ಪೋ ಹೇಳಲು ನನಗೆ ಅನುಮತಿಯಿಲ್ಲ. ನಿಮಗೆ ಕಂಡಷ್ಟು ಹೇಳಿದರೆ ಅದೇ ದೊಡ್ಡ ಉಪಕಾರ" ಎಂದು ಫಲಕ ತೋರಿಸುವ ಮೊದಲೇ ತಿಳಿಹೇಳಿದರೆ ಆ ಮೌನ ಅವಮಾನವೆನಿಸದು. ಇದೇ ನಿಜವಾದ ಸಿದ್ಧತೆ. ನಿಯಮವನ್ನು ಪಾಲಿಸುವುದಷ್ಟೇ ಅಲ್ಲ, ಅದರ ಕಾರಣವನ್ನೂ ರೋಗಿಯೊಡನೆ ಹಂಚಿಕೊಳ್ಳುವುದು.

ಇನ್ನೂ ಗಂಭೀರವಾದ ಪ್ರಶ್ನೆಯೊಂದುಂಟು. ಮೇಲೆ ಹೇಳಿದ ಅಧ್ಯಯನದಲ್ಲಿ ಒಂದು ಗುಂಪಿನವರಿಗೆ ಸೂಜಿಯಿಲ್ಲದ ಸಿರಿಂಜನ್ನು ಕಣ್ಣಿಗೆ ಒತ್ತಿ, ಚುಚ್ಚುಮದ್ದಿನ ಅನುಭವವನ್ನಷ್ಟೇ ನೀಡಲಾಗಿತ್ತು. ಯಾರು ಯಾವ ಗುಂಪಿನವರೆಂಬುದು ದೃಷ್ಟಿ ಅಳೆಯುವವರಿಗೂ ತಿಳಿದಿರಕೂಡದು. ವೈದ್ಯರ ಮುಂದೆ ಬಾಯಿ ತೆರೆಯಲು ಅಂಜುವ ನಮ್ಮ ಹಿರಿಯರು ತಂತ್ರಜ್ಞರ ಬಳಿ, "ನನಗೆ ಸಿಗುವುದು ನಿಜವಾದ ಮದ್ದೇ ತಾನೇ?" ಎಂದು ಕೇಳುತ್ತಾರೆ. "ಹೌದು, ಚಿಂತಿಸಬೇಡಿ" ಎನ್ನುವುದು ಸುಲಭ. ಆದರೆ ಅದು ಸುಳ್ಳು. ತನಗೆ ತಿಳಿದಿಲ್ಲವೆಂದು ಒಪ್ಪಿಕೊಂಡು, ರೋಗಿಯನ್ನು ಮತ್ತೆ ವೈದ್ಯರ ಬಳಿಗೆ ಕರೆದೊಯ್ಯುವುದೇ ಧರ್ಮ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮಾತ್ರಕ್ಕೆ ಒಪ್ಪಿಗೆಯ ಕಾರ್ಯ ಮುಗಿಯುವುದಿಲ್ಲ. ಪ್ರಯೋಗವನ್ನು ಚಿಕಿತ್ಸೆಯೆಂದೇ ನಂಬಿದವನು ಸಹಿ ಹಾಕಿದ್ದರೂ ನಿಜವಾಗಿ ಒಪ್ಪಿರುವುದಿಲ್ಲ.

ಮನುಷ್ಯನನ್ನು ಎಂದಿಗೂ ಬರಿಯ ಸಾಧನವನ್ನಾಗಿ ಬಳಸಬಾರದು, ಅವನು ತಾನೇ ಒಂದು ಗುರಿ ಎಂಬ ಕಾಂಟನ ತತ್ತ್ವವನ್ನು ನಾವು ಸೆಮಿನರಿಯ ದಿನಗಳಲ್ಲಿ ಓದಿದ್ದೆವು. ಧರ್ಮಸಭೆಯು 1992ರಲ್ಲಿ ಪ್ರಕಟಿಸಿದ ಧರ್ಮೋಪದೇಶ ಗ್ರಂಥವೂ ತಿಳಿವಿನಿಂದ ಕೂಡಿದ ಒಪ್ಪಿಗೆಯಿಲ್ಲದೆ ಮನುಷ್ಯರ ಮೇಲೆ ಪ್ರಯೋಗ ನಡೆಸುವುದು ಅವರ ಘನತೆಗೆ ವಿರುದ್ಧವೆಂದು ಸಾರುತ್ತದೆ. ವೈದ್ಯಲೋಕವು 1964ರಲ್ಲಿ ಹೆಲ್ಸಿಂಕಿಯಲ್ಲಿ ಅಂಗೀಕರಿಸಿದ ಘೋಷಣೆಯನ್ನು 2024ರಲ್ಲಿ ಪರಿಷ್ಕರಿಸಿದಾಗ, ಪ್ರಯೋಗಕ್ಕೆ ಒಳಪಟ್ಟವರನ್ನು ಸೂಚಿಸುವ ಹಳೆಯ ಪದವನ್ನು ಕೈಬಿಟ್ಟು 'ಭಾಗಿಗಳು' ಎಂದು ಕರೆಯಿತು. ಬಾರ್ತಿಮಾಯನೆಂಬ ಕುರುಡನ ಬಯಕೆ ಯಾರಿಗೆ ತಾನೇ ತಿಳಿದಿರಲಿಲ್ಲ? ಆದರೂ ಯೇಸುಸ್ವಾಮಿ ಅವನನ್ನು ಗುಣಪಡಿಸುವ ಮೊದಲು ಅವನಿಗೇನು ಬೇಕೆಂದು ಅವನ ಬಾಯಿಂದಲೇ ಕೇಳಿದರು.

ನಮ್ಮ ದೇಶದ ಕಾನೂನೂ ಇದಕ್ಕೆ ಪೂರಕವಾಗಿದೆ. 2009ರ ಜೂನ್ 15ರಿಂದ ಔಷಧ ಪ್ರಯೋಗಗಳನ್ನು ಸರಕಾರಿ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯ. 2019ರ ನಿಯಮಗಳ ಪ್ರಕಾರ ಓದು ಬಾರದವರ ಒಪ್ಪಿಗೆಗೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರಿರಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು. ಆದರೆ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಸಮಾಧಾನದಿಂದ ವಿವರಿಸಲು ತಂತ್ರಜ್ಞರಿಗೆ ಸಮಯವೇ ಇಲ್ಲದಿದ್ದರೆ ಕಾನೂನು ಕಾಗದದಲ್ಲಿ ಉಳಿಯುತ್ತದೆ. ಆ ಸಮಯವನ್ನು ಒದಗಿಸುವುದು ಆಸ್ಪತ್ರೆಗಳ ಕರ್ತವ್ಯ.

ಕುಟುಂಬದವರಿಗೂ ಕರ್ತವ್ಯಗಳಿವೆ. ಹಿರಿಯರನ್ನು ಒಂಟಿಯಾಗಿ ಕಳುಹಿಸದಿರಿ. ತೊಟ್ಟು ಹಾಕಿದ ಮೇಲೆ ಕೆಲವು ಗಂಟೆಗಳ ಕಾಲ ಬಿಸಿಲೂ ಮೆಟ್ಟಲೂ ಅವರಿಗೆ ಅಪಾಯಕಾರಿ. ತೆಗೆದುಕೊಳ್ಳುವ ಎಲ್ಲ ಮದ್ದುಗಳನ್ನು ಚೀಲದಲ್ಲಿ ಹಾಕಿ ಒಯ್ಯಿರಿ. ಊಟ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಯ ಕುರಿತು ಹಿಂದಿನ ದಿನವೇ ಕೇಳಿ ತಿಳಿಯಿರಿ. ಮದ್ದು ಹಾಕಲು ಮರೆತಿದ್ದರೆ ಮುಚ್ಚಿಡಬೇಡಿ. ವೈದ್ಯರನ್ನು ಮೆಚ್ಚಿಸಲು ಹೇಳಿದ ಸುಳ್ಳು ಕೊನೆಗೆ ಇನ್ನೊಬ್ಬರ ಕಣ್ಣಿಗೆ ಕುತ್ತು ತರುತ್ತದೆ. ಬೇಡವೆನಿಸಿದರೆ ಯಾವ ದಿನವಾದರೂ ಪ್ರಯೋಗದಿಂದ ಹಿಂದೆ ಸರಿಯಬಹುದು, ಅದರಿಂದ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಕೂಡದು ಎಂಬುದನ್ನು ಅವರಿಗೆ ಮನವರಿಕೆ ಮಾಡಿಕೊಡಿ.

ಹೀಗೆ ಅರಿತು, ಒಪ್ಪಿ, ತನ್ನ ಕಣ್ಣನ್ನು ಪರರ ಹಿತಕ್ಕಾಗಿ ಪರೀಕ್ಷೆಗೊಡ್ಡುವುದು ನಿಜಕ್ಕೂ ಒಂದು ದಾನ. ಅರಿಯದವನಿಂದ ಪಡೆದುದನ್ನು ಮಾತ್ರ ದಾನವೆಂದು ಕರೆಯಲು ಯಾರಿಗೂ ಹಕ್ಕಿಲ್ಲ.