ಚಿಟಿಕೆ ಪೇಸ್ಟಿಗೆ ಬೆದರುವ ವಾರಂಟಿ

ಎ.ಸಿ.ಯ ಫಿಲ್ಟರ್ ತೊಳೆದದ್ದಕ್ಕೆ ಕಂಪ್ರೆಸರ್ ವಾರಂಟಿ ಹೋಯಿತು ಎಂದು ಯಾರಾದರೂ ಹೇಳಿದರೆ ಕೊಲ್ಲಿಯಲ್ಲಿ ಬದುಕುವ ನಾವು ಜಗಳಕ್ಕೇ ನಿಲ್ಲುತ್ತೇವೆ. ಕಂಪ್ಯೂಟರಿನ ವಿಷಯ ಬಂದರೆ ಮಾತ್ರ ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತೇವೆ. ಸುವೈಕ್‌ನ ಒಂದು ಅಂಗಡಿಯಲ್ಲಿ ನನಗೆ ಸಿಕ್ಕ ಉತ್ತರ: ‘ನೀವು ಪ್ರೊಸೆಸರಿನ ಪೇಸ್ಟ್ ಬದಲಿಸಿದ್ದೀರಿ, ವಾರಂಟಿ ಇಲ್ಲ.’ ಪ್ರೊಸೆಸರನ್ನು ಬೇರೊಂದು ಬೋರ್ಡಿಗೆ ಹಾಕಿ ನೋಡುವ ಗೋಜಿಗೂ ಅವರು ಹೋಗಲಿಲ್ಲ. ಆ ಷರತ್ತು ಎಲ್ಲಿ ಬರೆದಿದೆ ಎಂದು ಕೇಳಿದೆ. ಬಿಲ್ಲಿನಲ್ಲೂ ಇರಲಿಲ್ಲ, ಡಬ್ಬಿಯೊಳಗಿನ ಕಾಗದದಲ್ಲೂ ಇರಲಿಲ್ಲ. ರಜೆಗೆ ಊರಿಗೆ ಹೋದಾಗಲೂ ಇದೇ ಮಾತು ಕೇಳಿದ್ದೇನೆ.

ಪೇಸ್ಟ್ ಮಾಡುವ ಕೆಲಸವಾದರೂ ಏನು? ಪ್ರೊಸೆಸರಿನ ಲೋಹದ ಮುಚ್ಚಳ, ಅದರ ಮೇಲೆ ಕೂರುವ ಹೀಟ್‌ಸಿಂಕ್ ಎರಡೂ ಕಣ್ಣಿಗೆ ನುಣುಪು. ಆದರೂ ನಡುವಿನ ಸಣ್ಣ ಸಣ್ಣ ಕುಳಿಗಳಲ್ಲಿ ಗಾಳಿ ಕೂತಿರುತ್ತದೆ. ಶಾಖ ದಾಟಿಸುವುದರಲ್ಲಿ ಗಾಳಿ ಮಹಾ ಸೋಮಾರಿ. ಆ ಕುಳಿಗಳನ್ನು ತುಂಬುವುದಷ್ಟೇ ಪೇಸ್ಟಿನ ಕೆಲಸ. ವರ್ಷ ಕಳೆದಂತೆ ಅದು ಒಣಗುತ್ತದೆ. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ, ಧೂಳು ತಪ್ಪದ ಈ ಬಾತಿನಾ ಕರಾವಳಿಯಲ್ಲಿ ಅದನ್ನು ಬದಲಿಸುವುದು ಶೋಕಿಯಲ್ಲ. ಹೀಟ್‌ಸಿಂಕ್ ತೆಗೆದಾಗಲೆಲ್ಲ ಹಳೆಯದನ್ನು ಒರೆಸಿ ಹೊಸದು ಹಚ್ಚಿ ಎಂದು ಇಂಟೆಲ್ ಕಂಪನಿಯೇ ಹೇಳುತ್ತದೆ.

ಪೇಸ್ಟ್ ಸರಿಯಾಗಿ ಹಚ್ಚದೆ ಸುಟ್ಟುಹೋಯಿತು ಎಂಬ ವಾದವೂ ನಿಲ್ಲುವುದಿಲ್ಲ. ಇಂದಿನ ಪ್ರೊಸೆಸರು ಮಿತಿ ಮುಟ್ಟಿದೊಡನೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇಂಟೆಲ್‌ನ ಅನೇಕ ಮಾದರಿಗಳಲ್ಲಿ ಆ ಮಿತಿ 100 ಡಿಗ್ರಿ. ಇನ್ನೂ ಕಾದರೆ ಯಂತ್ರವೇ ಆರಿಹೋಗುತ್ತದೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ನಿಜಕ್ಕೂ ಕೆಟ್ಟವು. ಕಾರಣ ಯಾರ ಪೇಸ್ಟೂ ಅಲ್ಲ, ಕಂಪನಿಯದೇ ಮೈಕ್ರೋಕೋಡ್ ಕೇಳುತ್ತಿದ್ದ ಹೆಚ್ಚಿನ ವೋಲ್ಟೇಜ್. ಮೂರು ವರ್ಷದ ವಾರಂಟಿಗೆ ಇನ್ನೆರಡು ವರ್ಷ ಸೇರಿಸಬೇಕಾಯಿತು.

ಪೇಸ್ಟ್ ಬದಲಿಸದೆ ಸುಮ್ಮನಿದ್ದರೆ? ಎಎಂಡಿಯ ಎಎಂ4 ಪ್ರೊಸೆಸರುಗಳಲ್ಲಿ ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದು, ಹೀಟ್‌ಸಿಂಕ್ ಎತ್ತಿದರೆ ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರುವುದುಂಟು. ಪಿನ್ ಬಾಗಿದರೆ ಅದು ‘ಭೌತಿಕ ಹಾನಿ’, ವಾರಂಟಿ ಇಲ್ಲ! ಬದಲಿಸಿದವನಿಗೂ ಇಲ್ಲ, ಬದಲಿಸದವನಿಗೂ ಇಲ್ಲ.

ಲಿಕ್ವಿಡ್ ಮೆಟಲ್ ಬೇರೆ ಮಾತು. ಅದರಲ್ಲಿರುವ ಗ್ಯಾಲಿಯಂ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ವಿದ್ಯುತ್ ಹರಿಸುತ್ತದೆ, ಮುಚ್ಚಳದ ಮೇಲಿನ ಅಕ್ಷರಗಳನ್ನೂ ಅಳಿಸಬಲ್ಲದು. ಅದನ್ನು ಹಚ್ಚಿದವನಿಗೆ ಅಂಗಡಿಯವ ಇಲ್ಲವೆಂದರೆ ನನ್ನ ತಕರಾರಿಲ್ಲ. ಆ ನೆಪದಲ್ಲಿ ಸಾಮಾನ್ಯ ಪೇಸ್ಟನ್ನೂ ಅಪರಾಧವಾಗಿಸುವುದಕ್ಕೆ ತಕರಾರಿದೆ.

ಕಾನೂನಿಲ್ಲವೆಂದಲ್ಲ. ಬಿಚ್ಚಿದರೆ ವಾರಂಟಿ ರದ್ದು ಎಂಬ ಸ್ಟಿಕ್ಕರುಗಳ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲೇ ಕಂಪನಿಗಳನ್ನು ಎಚ್ಚರಿಸಿತು. 2024ರ ಪತ್ರಗಳು ಗಿಗಾಬೈಟ್, ಎಎಸ್‌ರಾಕ್, ಝೋಟ್ಯಾಕ್‌ಗೂ ಹೋದವು. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಒಮಾನಿನಲ್ಲೂ 2014ರ ಗ್ರಾಹಕ ರಕ್ಷಣಾ ಕಾನೂನಿದೆ, ದೂರು ಕೇಳಲು ಪ್ರಾಧಿಕಾರವಿದೆ. ಆದರೆ ಅರಬ್ಬಿ ಬಾರದ, ರಜೆ ಸಿಗದ ಮನುಷ್ಯ ಪ್ರೊಸೆಸರೊಂದಕ್ಕಾಗಿ ಎಷ್ಟು ಸಲ ಕಚೇರಿಗೆ ಅಲೆದಾನು? ಅಂಗಡಿಗಳಿಗೆ ಇದು ಚೆನ್ನಾಗಿ ಗೊತ್ತು.

ಹಾಗಾಗಿ ಜಗಳವನ್ನು ದುಡ್ಡು ಕೊಡುವ ಮೊದಲೇ ಮುಗಿಸಿಕೊಳ್ಳಿ. ಡಬ್ಬಿಯ ಪ್ರೊಸೆಸರೋ, ಬಿಡಿಯಾಗಿ ಮಾರುವ ಟ್ರೇ ಮಾಲೋ ಕೇಳಿ. ಇಂಟೆಲ್‌ನ ಟ್ರೇ ಮಾಲಿಗೆ ಕಂಪನಿ ನೇರ ವಾರಂಟಿ ಕೊಡುವುದಿಲ್ಲ, ಮಾರಿದವನೇ ಹೊಣೆ. ‘ಪೇಸ್ಟ್ ಬದಲಿಸಿದರೂ ವಾರಂಟಿ ಉಂಟು’ ಎಂದು ಬಿಲ್ಲಿನ ಮೇಲೆ ಬರೆಸಿ, ಸಹಿ ಹಾಕಿಸಿಕೊಳ್ಳಿ. ಬರೆಯಲಾರೆ ಎಂದವನ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.