ಮನೆಗೆ ಮರಳಿದ ಮೇಲೆ

ಅಪಘಾತದಲ್ಲಿ ಒಬ್ಬರ ತಲೆಗೆ ಬಲವಾದ ಪೆಟ್ಟು ಬಿದ್ದು ಅವರನ್ನು ಆಸ್ಪತ್ರೆಗೆ ಸೇರಿಸಲಾಗಿದೆಯೆಂಬ ಸುದ್ದಿ ಊರೊಳಗೆ ಹರಡಲು ಹೆಚ್ಚು ಹೊತ್ತು ಬೇಕಿಲ್ಲ. ಬಂಧುಗಳು ಧಾವಿಸುತ್ತಾರೆ. ಯುವಕರು ರಕ್ತದಾನಕ್ಕೆ ಮುಂದಾಗುತ್ತಾರೆ. ಹಣ ಸಂಗ್ರಹವಾಗುತ್ತದೆ, ಚರ್ಚಿನಲ್ಲಿ ವಿಶೇಷ ಪ್ರಾರ್ಥನೆ ನಡೆಯುತ್ತದೆ. ಕೆಲವು ವಾರಗಳ ತರುವಾಯ ಗಾಯಾಳು ಕಣ್ಣು ತೆರೆದು, ನಾಲ್ಕು ಮಾತನಾಡಿ, ಮನೆಗೆ ಮರಳಿದಾಗ ‘ದೇವರು ಉಳಿಸಿದರು’ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಈ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಇಡೀ ಊರು ನಿಟ್ಟುಸಿರು ಬಿಡುವ ಆ ದಿನದಂದೇ ಆ ಮನೆಯವರ ದೀರ್ಘ ಪ್ರಯಾಸ ಪ್ರಾರಂಭವಾಗುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ಈ ವಾರ ನಾವು ಓದುಗರ ಗಮನವನ್ನು ಈ ವಿಷಯದತ್ತ ಸೆಳೆಯಬಯಸುತ್ತೇವೆ.

ಸಮಸ್ಯೆ ಚಿಕ್ಕದಲ್ಲ. ಕೇಂದ್ರ ಸರಕಾರದ ಅಂಕಿಅಂಶಗಳ ಪ್ರಕಾರ 2022ರೊಂದರಲ್ಲೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು, 4,43,366 ಮಂದಿ ಗಾಯಗೊಂಡರು. ಸತ್ತವರ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಬದುಕುಳಿದವರಲ್ಲಿ ಎಷ್ಟು ಮಂದಿ ಹಿಂದಿನಂತೆ ಬದುಕುತ್ತಿದ್ದಾರೆ ಎಂಬುದನ್ನು ಯಾವ ಪತ್ರಿಕೆಯೂ ಹೇಳುವುದಿಲ್ಲ. ರಸ್ತೆಯಲ್ಲಿ ಮಾತ್ರವಲ್ಲ, ತೆಂಗು ಅಡಿಕೆ ಮರಗಳಿಂದ, ಕಟ್ಟಡದ ಸಾರುವೆಯಿಂದ, ಬಚ್ಚಲಿನ ಜಾರುನೆಲದಲ್ಲಿ ಬಿದ್ದು ತಲೆಗೆ ಏಟು ಮಾಡಿಕೊಂಡವರೂ ಈ ಸಾಲಿಗೆ ಸೇರುತ್ತಾರೆ.

ತಲೆಗೆ ಪೆಟ್ಟಾದವರ ಪ್ರಜ್ಞೆಯ ಮಟ್ಟವನ್ನು ಅಳೆಯಲು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಅವರು 1974ರಲ್ಲಿ ಒಂದು ಮಾಪನವನ್ನು ರೂಪಿಸಿದರು. ಇಂದಿಗೂ ಜಗತ್ತಿನಾದ್ಯಂತ ಆಸ್ಪತ್ರೆಗಳು ಅದನ್ನು ಅನುಸರಿಸುತ್ತವೆ. ಕಣ್ಣು ತೆರೆಯುವುದು, ಮಾತನಾಡುವುದು, ಕೈಕಾಲು ಆಡಿಸುವುದು ಎಂಬ ಮೂರು ಬಗೆಯ ಪ್ರತಿಕ್ರಿಯೆಗಳಿಗೆ ಅಂಕ ನೀಡಿ, ಕನಿಷ್ಠ 3ರಿಂದ ಗರಿಷ್ಠ 15ರವರೆಗೆ ಲೆಕ್ಕ ಹಾಕುತ್ತಾರೆ. ಎಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಾಯ ತೀವ್ರವೆಂದು ತಿಳಿಯಬೇಕು. ಈ ಅಂಕ ಏರುತ್ತಿದೆಯೆಂದು ಕೇಳಿದ ಮನೆಯವರಿಗೆ ಹೋದ ಜೀವ ಬಂದಂತಾಗುವುದು ಸಹಜ. ಆದರೆ ಹದಿನೈದಕ್ಕೆ ಹದಿನೈದು ಬಂದ ಮಾತ್ರಕ್ಕೆ ಮನುಷ್ಯ ಪೂರ್ಣವಾಗಿ ಮರಳಿ ಬಂದನೆಂದು ಅರ್ಥವಲ್ಲ.

ಚಲನಚಿತ್ರಗಳಲ್ಲಿ ತೋರಿಸುವಂತೆ ರೋಗಿಯು ಒಮ್ಮೆಲೇ ಕಣ್ಣು ತೆರೆದು, ಎಲ್ಲರನ್ನೂ ಗುರುತಿಸಿ, ಎದ್ದು ನಡೆಯುವುದಿಲ್ಲ. ಪ್ರಜ್ಞೆ ಹಂತಹಂತವಾಗಿ ಮರಳುತ್ತದೆ. ಮೊದಲ ದಿನಗಳಲ್ಲಿ ತಾನೆಲ್ಲಿದ್ದೇನೆಂಬ ಅರಿವಿರುವುದಿಲ್ಲ. ಬೆಳಿಗ್ಗೆ ನಡೆದದ್ದು ಸಂಜೆಗೆ ನೆನಪಿರುವುದಿಲ್ಲ. ಶಾಂತಸ್ವಭಾವದವರೂ ದಾದಿಯರ ಮೇಲೆ ಕೈಯೆತ್ತಬಹುದು, ಹೆತ್ತ ತಾಯಿಯನ್ನು ಬೈಯಬಹುದು. ಅದು ಆತನ ದುರ್ಗುಣವಲ್ಲ, ಗಾಯಗೊಂಡ ಮಿದುಳಿನ ಗೊಂದಲ. ಈ ಮಾತನ್ನು ಮೊದಲೇ ತಿಳಿಸಿ ಹೇಳುವವರಿದ್ದರೆ ಎಷ್ಟೋ ತಾಯಂದಿರ ಕಣ್ಣೀರು ಉಳಿದೀತು.

ಮನೆಗೆ ಬಂದ ಮೇಲೆ ಕಾಣಿಸುವ ತೊಂದರೆಗಳು ಇನ್ನೂ ಸೂಕ್ಷ್ಮ. ಕಾಲು ಸೋತಿದ್ದರೆ ಊರುಗೋಲು ಕಾಣುತ್ತದೆ, ಜನ ದಾರಿ ಬಿಡುತ್ತಾರೆ. ನೆನಪು ಸೋತಿದ್ದರೆ, ಸಹನೆ ಸೋತಿದ್ದರೆ ಹೊರಗಿನವರಿಗೆ ಏನೂ ಕಾಣದು. ಹಣೆಯ ಹಿಂಬದಿಯಲ್ಲಿರುವ ಮಿದುಳಿನ ಭಾಗವು ನಮ್ಮ ವಿವೇಚನೆ, ಸಂಯಮ ಮತ್ತು ಕೆಲಸಕ್ಕೆ ಕೈಹಾಕುವ ಉತ್ಸಾಹವನ್ನು ನಿಯಂತ್ರಿಸುತ್ತದೆ. ಅದಕ್ಕೆ ಪೆಟ್ಟಾದಾಗ ಬುದ್ಧಿವಂತನಾದ ಗೃಹಸ್ಥನು ಹೇಳಿದ ಹೊರತು ಸ್ನಾನಕ್ಕೂ ಏಳದೆ ಕುಳಿತಿರಬಹುದು. ಸಣ್ಣ ಮಾತಿಗೆ ಸಿಡಿದೇಳಬಹುದು. ಹತ್ತು ಜನ ಸೇರಿದ ಕಡೆ, ಧ್ವನಿವರ್ಧಕದ ಸದ್ದಿನಲ್ಲಿ, ಅರ್ಧ ಗಂಟೆಯೊಳಗೆ ಬಳಲಿ ಹೋಗಬಹುದು. ‘ನೋಡಲು ಸರಿಯಾಗಿಯೇ ಇದ್ದಾನೆ, ಸೋಮಾರಿತನ’ ಎಂದು ನೆಂಟರು ಆಡಿಕೊಳ್ಳುತ್ತಾರೆ. ‘ಹೆಂಡತಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲ’ ಎನ್ನುವವರೂ ಇದ್ದಾರೆ. ಗಾಯಕ್ಕಿಂತ ಈ ಮಾತುಗಳೇ ಹೆಚ್ಚು ನೋಯಿಸುತ್ತವೆ.

ವೈದ್ಯಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾದ ಒಂದು ಪ್ರಕರಣವನ್ನು ಇಲ್ಲಿ ಸ್ಮರಿಸುವುದು ಉಚಿತ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ಪ್ರಾಂತದ ಕ್ಯಾವೆಂಡಿಶ್ ಎಂಬಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದ ತಂಡದ ಮೇಸ್ತ್ರಿ ಫಿನಿಯಸ್ ಗೇಜ್ ಎಂಬ 25 ವರ್ಷದ ಯುವಕನ ತಲೆಯನ್ನು ಕಬ್ಬಿಣದ ಸಲಾಕೆಯೊಂದು ಹೊಕ್ಕು ಹೊರಬಿತ್ತು. ಮೂರೂವರೆ ಅಡಿಗೂ ಹೆಚ್ಚು ಉದ್ದ, ಸುಮಾರು ಆರು ಕಿಲೋ ತೂಕದ ಸಲಾಕೆಯದು. ಎಡಗೆನ್ನೆಯಲ್ಲಿ ನುಗ್ಗಿ ನೆತ್ತಿಯಲ್ಲಿ ಹೊರಬಂದ ಆ ಸಲಾಕೆ ಮಿದುಳಿನ ಮುಂಭಾಗವನ್ನು ಹಾಳುಗೆಡವಿತ್ತು. ಡಾಕ್ಟರ್ ಜಾನ್ ಹಾರ್ಲೊ ಅವರ ಆರೈಕೆಯಿಂದ ಗೇಜ್ ಬದುಕಿದನು. ಆದರೆ ಆತನ ಸ್ವಭಾವ ಬದಲಾಗಿತ್ತು. ಸಂಯಮ ಹೋಗಿತ್ತು, ಕೈಗೆತ್ತಿಕೊಂಡ ಯೋಜನೆಗಳನ್ನು ಅರ್ಧಕ್ಕೇ ಬಿಡುತ್ತಿದ್ದನು. ಹಿಂದೆ ಮೆಚ್ಚಿದ್ದ ಮಾಲೀಕರೇ ಮೇಸ್ತ್ರಿಯ ಕೆಲಸವನ್ನು ಮರಳಿ ಕೊಡಲೊಪ್ಪಲಿಲ್ಲ. ಪಠ್ಯಪುಸ್ತಕಗಳು ಈ ಕಥೆಯನ್ನು ಬಹುಕಾಲ ಇಲ್ಲಿಗೇ ನಿಲ್ಲಿಸುತ್ತಿದ್ದವು.

ಆದರೆ ಗೇಜ್‌ನ ಬದುಕು ಅಲ್ಲಿಗೆ ನಿಲ್ಲಲಿಲ್ಲ. ಆತನು ಕುದುರೆ ಲಾಯವೊಂದರಲ್ಲಿ ಕೆಲಸಕ್ಕೆ ಸೇರಿದನು. 1852ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ತೆರಳಿ, ವಾಲ್ಪರೈಸೊ ಮತ್ತು ಸಾಂಟಿಯಾಗೊ ನಗರಗಳ ನಡುವೆ ಓಡುತ್ತಿದ್ದ ಕುದುರೆಗಾಡಿಯ ಸಾರಥಿಯಾಗಿ ಕೆಲವು ವರ್ಷ ದುಡಿದನು. ಆರೋಗ್ಯ ಕೆಟ್ಟು 1859ರಲ್ಲಿ ತಾಯಿಯ ಬಳಿಗೆ ಹಿಂದಿರುಗಿದ ಆತ, ಅಪಸ್ಮಾರದ ಸೆಳೆತಗಳಿಗೆ ತುತ್ತಾಗಿ 1860ರಲ್ಲಿ ಮೃತಪಟ್ಟನು. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಮಾಲ್ಕಂ ಮ್ಯಾಕ್ಮಿಲನ್ ಅವರು ಈ ವಿವರಗಳನ್ನು ಶೋಧಿಸಿ ಮುಖ್ಯವಾದ ಒಂದು ವಿಚಾರವನ್ನು ಮುಂದಿಟ್ಟರು. ಕುದುರೆಗಳ ಆರೈಕೆ, ಪ್ರಯಾಣಿಕರ ಸಾಮಾನು, ಅದೇ ದಾರಿ, ಅದೇ ಸಮಯ ಎಂಬ ಕಟ್ಟುನಿಟ್ಟಿನ ದಿನಚರಿಯೇ ಆತನಿಗೆ ಕಳೆದುಹೋದ ಸಂಯಮವನ್ನು ಬಹುಮಟ್ಟಿಗೆ ಮರಳಿ ಕಲಿಸಿರಬೇಕು ಎಂಬುದೇ ಆ ವಿಚಾರ. ಆ ಕಾಲದಲ್ಲಿ ಪುನರ್ವಸತಿ ಚಿಕಿತ್ಸೆಯೆಂಬುದೇ ಇರಲಿಲ್ಲ. ನಂಬಿ ಕೆಲಸ ಕೊಟ್ಟ ಒಬ್ಬರಿದ್ದರು, ದಿನವೂ ಮಾಡಬೇಕಾದ ಒಂದು ಕೆಲಸವಿತ್ತು.

ಇಂದಿನ ಪುನರ್ವಸತಿ ಚಿಕಿತ್ಸೆಯ ತಿರುಳೂ ಇದೇ. ನಾಶವಾದ ಮಿದುಳಿನ ಕೋಶಗಳು ಬಹುಮಟ್ಟಿಗೆ ಮತ್ತೆ ಹುಟ್ಟುವುದಿಲ್ಲ. ಆದರೆ ಉಳಿದ ಕೋಶಗಳು ತಮ್ಮತಮ್ಮಲ್ಲಿ ಹೊಸ ಸಂಪರ್ಕಗಳನ್ನು ಬೆಸೆದುಕೊಳ್ಳುವ ಶಕ್ತಿಯನ್ನು ಹೊಂದಿವೆ. ಕಟ್ಟಿಹೋದ ತೋಡಿನ ನೀರು ಬದಿಯಿಂದ ಹೊಸ ಹಾದಿ ಮಾಡಿಕೊಳ್ಳುವಂತೆ ಇದು. ಆ ಹಾದಿ ಮೂಡುವುದು ಅಭ್ಯಾಸದಿಂದ, ಒಂದೇ ಕೆಲಸವನ್ನು ನೂರು ಸಲ ಮಾಡುವುದರಿಂದ. ಚೇತರಿಕೆಯ ವೇಗ ಮೊದಲ ಆರು ತಿಂಗಳಲ್ಲಿ ಹೆಚ್ಚು, ಬಳಿಕ ನಿಧಾನ. ಆದರೂ ವರ್ಷಗಳ ತನಕ ಅದು ಮುಂದುವರಿಯಬಲ್ಲದು. ಅಂಗಾಂಗಗಳಿಗೆ ಫಿಸಿಯೋಥೆರಪಿ, ಮಾತು ಹಾಗೂ ನುಂಗುವಿಕೆಗೆ ವಾಕ್‌ಚಿಕಿತ್ಸೆ, ಉಡುವ ಉಣ್ಣುವ ಕೆಲಸಗಳಿಗೆ ಆಕ್ಯುಪೇಶನಲ್ ಥೆರಪಿ, ನೆನಪು ಮತ್ತು ಸಿಟ್ಟಿನ ನಿರ್ವಹಣೆಗೆ ಮನಶ್ಶಾಸ್ತ್ರಜ್ಞರ ಮಾರ್ಗದರ್ಶನ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಿಗಳ ಪುನರ್ವಸತಿಗೆಂದೇ ವಿಭಾಗವಿದೆ. ಮಾತು ಕಳೆದುಕೊಂಡವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತರಬೇತಿ ದೊರೆಯುತ್ತದೆ. ಮನೆಯಲ್ಲಿ ಮಾಡಬಹುದಾದದ್ದೂ ಬಹಳವಿದೆ. ಏಳುವ, ಉಣ್ಣುವ, ಮಲಗುವ ವೇಳೆ ನಿಗದಿಯಾಗಿರಲಿ. ಗೋಡೆಯ ಮೇಲೆ ದೊಡ್ಡ ಕ್ಯಾಲೆಂಡರು, ಜೇಬಿನಲ್ಲಿ ನೆನಪಿನ ಪುಸ್ತಕವಿರಲಿ. ಒಮ್ಮೆಗೆ ಒಂದೇ ಮಾತು ಹೇಳೋಣ, ಉತ್ತರಕ್ಕೆ ಕಾಯೋಣ. ಆತನಿಂದಾಗುವ ಕೆಲಸವನ್ನು ಅವಸರದಿಂದ ನಾವೇ ಮಾಡಿಬಿಡುವುದು ಪ್ರೀತಿಯಂತೆ ಕಂಡರೂ ಚೇತರಿಕೆಗೆ ಅಡ್ಡಿ.

ಇನ್ನು ಸರಕಾರ ಮತ್ತು ಸಮಾಜದ ಹೊಣೆಯ ಮಾತು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರಿಗೆ ಪೊಲೀಸರಿಂದ ಕಿರುಕುಳವಾಗದಂತೆ ಸುಪ್ರೀಂ ಕೋರ್ಟು 2016ರಲ್ಲಿ ಮಾರ್ಗಸೂಚಿಗಳಿಗೆ ಅನುಮೋದನೆ ನೀಡಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯಿದೆಯಲ್ಲೇ ಆ ರಕ್ಷಣೆ ಸೇರಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಜಾರಿಗೆ ತಂದಿತು. ಇವೆಲ್ಲ ಸ್ವಾಗತಾರ್ಹ. ಆದರೆ ಮಿದುಳಿನ ಗಾಯಕ್ಕೆ ಏಳು ದಿನ ಯಾವ ಲೆಕ್ಕ? ಎಂಟನೆಯ ದಿನದಿಂದ ಮುಂದಿನ ಏಳು ವರ್ಷಗಳ ಗತಿಯೇನು?

ರಸ್ತೆಯಲ್ಲಿ ನೆರವಾಗುವವರನ್ನು ಕಾನೂನು ಕರೆಯುವುದು ಒಳ್ಳೆಯ ಸಮಾರಿಯದವನ ಹೆಸರಿನಿಂದಲೇ. ಆ ಸಾಮತಿಯನ್ನು ನಮ್ಮ ಓದುಗರು ಬಲ್ಲರು. ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ಆತನು ಗಾಯಾಳುವನ್ನು ಛತ್ರಕ್ಕೆ ಒಯ್ದದ್ದು, ರಾತ್ರಿ ಜೊತೆಗಿದ್ದು ಉಪಚರಿಸಿದ್ದು, ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚಿನ ಖರ್ಚನ್ನು ಹಿಂದಿರುಗುವಾಗ ತೀರಿಸುವೆನೆಂದು ಮಾತುಕೊಟ್ಟದ್ದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಮಿದುಳಿನ ಗಾಯಾಳುವಿನ ಪಾಲಿಗೆ ಆತನ ಮನೆಯೇ ಆ ಛತ್ರ. ಮರಳಿ ಬಂದು ವಿಚಾರಿಸುವವರು ಅಲ್ಲಿಗೆ ಬೇಕು.

ಈ ಛತ್ರವನ್ನು ನಡೆಸುವವರು ಬಹುತೇಕ ಹೆಂಗಸರು. 2020ರಲ್ಲಿ ಸುಪ್ರೀಂ ಕೋರ್ಟು ಅಪಘಾತದಿಂದ ಮಿದುಳಿಗೆ ತೀವ್ರ ಗಾಯವಾದ ಬಾಲಕಿಯೊಬ್ಬಳ ಪರಿಹಾರವನ್ನು ನಿರ್ಧರಿಸುವಾಗ, ದಿನದ ಇಪ್ಪತ್ತನಾಲ್ಕು ಗಂಟೆಯ ಆರೈಕೆಗೆ ಇಬ್ಬರು ಪರಿಚಾರಕರ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ನಮ್ಮ ಎಷ್ಟೋ ಮನೆಗಳಲ್ಲಿ ಆ ಇಬ್ಬರ ಕೆಲಸವನ್ನು ಒಬ್ಬಳೇ ತಾಯಿ, ಒಬ್ಬಳೇ ಹೆಂಡತಿ ಸಂಬಳವಿಲ್ಲದೆ, ರಜೆಯಿಲ್ಲದೆ ಮಾಡುತ್ತಿದ್ದಾಳೆ. ಮನೆಯ ದುಡಿಮೆ ನಿಂತಿರುತ್ತದೆ, ಸಾಲ ಬೆಳೆದಿರುತ್ತದೆ. ಗಂಡ ಎದುರಿಗಿದ್ದರೂ ಹಿಂದಿನ ಗಂಡನಿಲ್ಲವೆಂಬ ದುಃಖವನ್ನು ಆಕೆ ಯಾರಲ್ಲಿ ಹೇಳಿಕೊಳ್ಳಬೇಕು? ಸತ್ತವರಿಗಾಗಿ ಅಳಲು ಸಮಾಜ ಅವಕಾಶ ಕೊಡುತ್ತದೆ. ಬದುಕಿರುವವನಿಗಾಗಿ ಅತ್ತರೆ ಅಪಶಕುನವೆನ್ನುತ್ತದೆ.

ಎಲ್ಲರೂ ಚೇತರಿಸಿಕೊಳ್ಳುವುದಿಲ್ಲ ಎಂಬ ಸತ್ಯವನ್ನೂ ಮರೆಮಾಚಬಾರದು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರಾಗಿದ್ದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರು 1973ರ ನವೆಂಬರ್‌ನಲ್ಲಿ ಹಲ್ಲೆಗೊಳಗಾಗಿ, ಮಿದುಳಿಗೆ ರಕ್ತ ಮತ್ತು ಪ್ರಾಣವಾಯುವಿನ ಪೂರೈಕೆ ತಪ್ಪಿ, ಮತ್ತೆಂದೂ ಮೊದಲಿನಂತಾಗಲಿಲ್ಲ. 2015ರ ಮೇ ತಿಂಗಳಲ್ಲಿ ಅವರು ತೀರಿಕೊಳ್ಳುವ ತನಕ, ನಲವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ದಾದಿಯರು ತಲೆಮಾರು ತಲೆಮಾರಾಗಿ ಅವರಿಗೆ ಉಣಿಸಿ, ಮೈತೊಳೆದು, ಮಗ್ಗುಲು ಬದಲಿಸಿ ಸಲಹಿದರು. 2011ರಲ್ಲಿ ಅವರ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅವರ ಪರವಾಗಿ ಮಾತನಾಡುವ ಹಕ್ಕು ಈ ಆಸ್ಪತ್ರೆಯ ಸಿಬ್ಬಂದಿಗೇ ಸೇರಿದ್ದೆಂದು ನ್ಯಾಯಾಲಯ ಹೇಳಿತು. ಗುಣವಾಗದವರ ಸೇವೆಯೂ ಸೇವೆಯೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದು, ದ್ವಿಚಕ್ರ ವಾಹನವೇರುವ ಇಬ್ಬರೂ ಹೆಲ್ಮೆಟ್ ಧರಿಸಿ ಪಟ್ಟಿಯನ್ನು ಬಿಗಿದುಕೊಳ್ಳಲಿ. ಚರ್ಚಿಗೆ ಹೋಗುವ ಎರಡು ಫರ್ಲಾಂಗಿನ ದಾರಿಗೂ ಇದಕ್ಕೆ ವಿನಾಯಿತಿ ಬೇಡ. ಎರಡನೆಯದು, ಆಸ್ಪತ್ರೆಯಿಂದ ಹೊರಡುವ ಮುನ್ನವೇ ಮುಂದಿನ ಚಿಕಿತ್ಸೆಯ ವಿವರವನ್ನು ವೈದ್ಯರಿಂದ ಕೇಳಿ ಬರೆದುಕೊಳ್ಳೋಣ. ಸೆಳೆತ ತಡೆಯುವ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸುವುದು, ಗುಣವಾಯಿತೆಂದು ಮದ್ಯ ಮುಟ್ಟುವುದು, ಅನುಮತಿಯಿಲ್ಲದೆ ವಾಹನ ಚಲಾಯಿಸುವುದು ಅಪಾಯಕರ. ಮೂರನೆಯದು, ಶಾಶ್ವತ ಊನ ಉಳಿದಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಡಿ ಪ್ರಮಾಣಪತ್ರ ಪಡೆಯಲು ಸಂಕೋಚ ಬೇಡ. ಅರ್ಜಿ ತುಂಬಲು, ಕಚೇರಿಗೆ ಓಡಾಡಲು ಓದುಬರಹ ಬಲ್ಲ ಯುವಕರು ಜೊತೆಯಾಗಲಿ.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ, ಆದರೂ ಎಲ್ಲಕ್ಕಿಂತ ವಿರಳ. ಮೊದಲ ವಾರದಲ್ಲಿ ಹತ್ತು ಮಂದಿ ಒಟ್ಟಿಗೆ ಹೋಗಿ ನೋಡುವ ಬದಲು, ಆರನೆಯ ತಿಂಗಳಲ್ಲಿ ಒಬ್ಬರು ಹೋಗಲಿ. ಎರಡು ಗಂಟೆ ಆತನ ಬಳಿ ಕುಳಿತು, ಆ ಮನೆಯಾಕೆಗೆ ಪೇಟೆಗೆ ಹೋಗಿಬರಲು, ಇಲ್ಲವೇ ಸುಮ್ಮನೆ ನಿದ್ರಿಸಲು ಬಿಡುವು ಕೊಡಲಿ. ಆತನು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ಬೇಸರಿಸದೆ ಮತ್ತೆ ಉತ್ತರಿಸಲಿ. ಅಂಗಡಿ, ಗದ್ದೆ, ಕಾರ್ಖಾನೆಯುಳ್ಳವರು ಆತನಿಂದಾಗುವ ಸಣ್ಣದೊಂದು ಕೆಲಸವನ್ನು, ದಿನಕ್ಕೆ ಒಂದೆರಡು ಗಂಟೆಯದಾದರೂ, ಕೊಡಲಿ.

ನಿಮ್ಮ ನೆರೆಯಲ್ಲಿ ಇಂತಹ ಮನೆಯೊಂದು ಇದ್ದೇ ಇರುತ್ತದೆ. ಈ ಭಾನುವಾರ ಆ ಕಡೆ ಹೋಗಿ ಬನ್ನಿ. ಮುಂದಿನ ತಿಂಗಳೂ ಹೋಗಿ.